ದಾನಪತ್ರದಲ್ಲಿ ಇಲ್ಲದ ಸಾಲು

ಮಗನ ಹೆಸರಿಗೆ ಮನೆ ಬರೆದುಕೊಡಲು ಬರುವ ಅಪ್ಪ ಅಮ್ಮ ಒಳ್ಳೆಯ ಬಟ್ಟೆ ಉಟ್ಟು ಬರುತ್ತಾರೆ. ಜಾಗ ಮಾರಲು ಬಂದವರ ಮುಖದಲ್ಲಿ ಬರೀ ಲೆಕ್ಕ. ವಿಭಾಗಪತ್ರಕ್ಕೆ ಬಂದ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ದಾನಪತ್ರದ ದಿನ ಮಾತ್ರ ಮದುವೆಮನೆಯ ಕಳೆ. ತಾಯಿ ಮಲ್ಲಿಗೆ ಮುಡಿದಿರುತ್ತಾರೆ, ಮಗ ಅಪ್ಪನ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಾನೆ. ಉಪನೋಂದಣಾಧಿಕಾರಿ ಕಚೇರಿಯ ಗುಮಾಸ್ತನಾಗಿ ಇಂಥ ಪತ್ರಗಳನ್ನು ವರ್ಷಗಟ್ಟಲೆ ದಾಖಲು ಮಾಡಿದವನು ನಾನು. ಎಲ್ಲದರ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ. ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ ಬರೆದುಕೊಟ್ಟಿದ್ದೇನೆ. ಇನ್ನು ಮುಂದೆ ಈ ಸ್ವತ್ತಿನಲ್ಲಿ ನನಗಾಗಲಿ ನನ್ನ ಕಡೆಯವರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ಕೆಳಗೆ ಸಾಕ್ಷಿಗಳ ಸಹಿ, ಬರೆದವರ ಹೆಸರು.

ನಿವೃತ್ತನಾದ ಮೇಲೆ ಕುಂದಾಪುರದಲ್ಲಿ ಕೂತು ಅರ್ಜಿ ಬರೆದುಕೊಡುತ್ತೇನೆ. ಪಿಂಚಣಿ ಅರ್ಜಿ, ಖಾತೆ ಬದಲಾವಣೆ, ಪೌತಿ ಖಾತೆ, ಎಲ್ಲ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಹೆಚ್ಚುತ್ತಿರುವುದು ಮಾತ್ರ ಮಕ್ಕಳ ಮೇಲೆ ತಂದೆತಾಯಿ ಎಸಿ ಕೋರ್ಟಿಗೆ ಹಾಕುವ ಅರ್ಜಿ. 2007ರಲ್ಲಿ ಸಂಸತ್ತು ಒಪ್ಪಿದ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ ಎಸಿ, ಅಂದರೆ ಉಪವಿಭಾಗಾಧಿಕಾರಿಗಳೇ, ಇಂಥ ಅರ್ಜಿ ಕೇಳುವ ನ್ಯಾಯಮಂಡಳಿಯ ಅಧ್ಯಕ್ಷರು. ನಮ್ಮ ರಾಜ್ಯದ ನಿಯಮಗಳು 2009ರಲ್ಲಿ ಬಂದವು. ಈ ಮಂಡಳಿಯ ಮುಂದೆ ವಕೀಲರು ವಾದಿಸುವಂತಿಲ್ಲ ಎಂದು ಕಾಯ್ದೆಯ 17ನೇ ಕಲಮು ಹೇಳುತ್ತದೆ. ಹಾಗಾಗಿ ಹಿರಿಯರು ನನ್ನಂಥವರ ಮೇಜಿಗೆ ಬರುತ್ತಾರೆ. ಮುಂಚೆ ದಾನಪತ್ರ ದಾಖಲು ಮಾಡುತ್ತಿದ್ದ ಕೈ ಈಗ ಅದನ್ನು ರದ್ದು ಮಾಡಿ ಎಂದು ಬರೆಯುತ್ತದೆ.

ಬರೆಯುವಾಗ ಮೊದಲ ತೊಡಕು ಪ್ರಾರ್ಥನೆ ಎಂಬ ಕೊನೆಯ ಭಾಗದಲ್ಲಿ ಬರುತ್ತದೆ. ಏನು ಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಬೇಕು. ಕಾಯ್ದೆಯ ಪೋಷಣೆಯಲ್ಲಿ ಊಟ, ಬಟ್ಟೆ, ವಾಸ, ಔಷಧೋಪಚಾರ ಸೇರುತ್ತವೆ. ಮಾಸಾಶನಕ್ಕೆ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಎಷ್ಟು ಕೇಳೋಣ ಅಮ್ಮಾ ಎಂದರೆ, “ದುಡ್ಡ್ ನಂಗೆ ಎಂತಕ್ಕೆ ಮಾರಾಯ್ರೆ, ಅವ ಒಂದ್ಸಲ ಬಂದ್ ಹೋಪುಕೆ ಹೇಳಿ ಬರೀನಿ” ಅನ್ನುತ್ತಾರೆ. ಬಂದುಹೋಗುವುದಕ್ಕೆ ನಮ್ಮ ಕಾಯ್ದೆಯಲ್ಲಿ ಕಲಮು ಇಲ್ಲ. ಚೀನಾದಲ್ಲಿ ಇದೆ. ಅಲ್ಲಿ ಹಿರಿಯರ ಹಕ್ಕುಗಳ ಕಾನೂನಿನ ತಿದ್ದುಪಡಿ 2013ರ ಜುಲೈ 1ರಂದು ಜಾರಿಗೆ ಬಂತು. ಬೇರೆ ವಾಸಿಸುವ ಮಕ್ಕಳು ಆಗಾಗ ಬಂದು ನೋಡಬೇಕು, ಇಲ್ಲವೇ ವಿಚಾರಿಸುತ್ತಿರಬೇಕು ಎಂದು ಬರೆದೇ ಬಿಟ್ಟರು. ಅದೇ ದಿನ ವುಶಿ ನಗರದ ನ್ಯಾಯಾಲಯ 77 ವರ್ಷದ ತಾಯಿಯೊಬ್ಬರ ದಾವೆಯಲ್ಲಿ, ಮಗಳು ಎರಡು ತಿಂಗಳಿಗೆ ಒಮ್ಮೆಯಾದರೂ ಬಂದು ನೋಡಬೇಕೆಂದು ಆದೇಶಿಸಿತು. ಕೋರ್ಟಿನ ಆದೇಶ ಹಿಡಿದು ಬಂದ ಮಗಳಿಗೆ ತಾಯಿ ಏನು ಬಡಿಸಿದಳೋ ಎಂಬ ಕುತೂಹಲ ನನಗೆ ಇಂದಿಗೂ ಇದೆ.

ಈ ಅರ್ಜಿಗಳ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಎಲ್ಲ ಪಾಶ್ಚಾತ್ಯರ ಪ್ರಭಾವ, ಅಲ್ಲಿ ಹದಿನೆಂಟಾದ ಕೂಡಲೇ ಮಕ್ಕಳು ಬೇರೆ, ಮುದುಕರೆಲ್ಲ ಆಶ್ರಮಕ್ಕೆ. ನಾನು ಇದನ್ನು ಒಪ್ಪುವುದಿಲ್ಲ. ಕಾಗದಪತ್ರಗಳ ನಡುವೆ ಬದುಕಿದವನಿಗೆ ಕಾಣುವುದು ಬೇರೆ. ಆಸ್ತಿ ಯಾವ ದಾರಿಯಲ್ಲಿ ಕೈಬದಲಾಗುತ್ತದೋ, ಹಿರಿಯರನ್ನು ನೋಡಿಕೊಳ್ಳುವ ಹೊಣೆಯೂ ಅದೇ ದಾರಿ ಹಿಡಿದಿರುವ ಕಡೆ ಎಲ್ಲರಿಗೂ ಒಂದು ನೆಮ್ಮದಿ ಇರುತ್ತದೆ. ಎರಡೂ ಬೇರೆ ಬೇರೆ ದಾರಿ ಹಿಡಿದಲ್ಲಿ ನನ್ನ ಮೇಜಿನ ಮುಂದೆ ಸಾಲು ಬೆಳೆಯುತ್ತದೆ.

ನಮ್ಮ ಊರಿನದೇ ಹಳೆಯ ಪದ್ಧತಿ ನೋಡಿ. ಕರಾವಳಿಯ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಕಟ್ಟು ನಡೆಯುತ್ತಿತ್ತು. ಭೂತಾಳ ಪಾಂಡ್ಯನೆಂಬ ಅರಸನ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಬಲಿಗೆ ತನ್ನ ಮಕ್ಕಳನ್ನು ಕೊಡಲು ಹೆಂಡತಿ ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಮುಂದೆ ಮಾಡಿದಳು, ಅಂದಿನಿಂದ ಆಸ್ತಿ ಸೋದರಳಿಯನಿಗೆ ಎಂದು ಕಥೆ. ಕಥೆ ಏನೇ ಇರಲಿ, ಲೆಕ್ಕ ಮಾತ್ರ ಖಚಿತವಾಗಿತ್ತು. ಕುಟುಂಬದ ಆಸ್ತಿಗೆ ಹೆಣ್ಣಿನ ಸಂತಾನವೇ ಹಕ್ಕುದಾರರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವವರೆಗೆ ಒಬ್ಬರು ಹಟ ಹಿಡಿದು ಅದನ್ನು ಪಾಲು ಮಾಡಿಸುವಂತಿರಲಿಲ್ಲ. ಗಂಡಸು ಮುದುಕನಾದರೆ ತಾನು ಹುಟ್ಟಿದ ಕುಟುಂಬದ ಮನೆಯಲ್ಲಿ ಉಣ್ಣುವ, ಮಲಗುವ ಹಕ್ಕು ಅವನಿಗೆ ಇದ್ದೇ ಇತ್ತು. ಅದನ್ನು ಯಾರೂ ದಾನ ಕೊಡಬೇಕಿರಲಿಲ್ಲ, ಅವನೂ ಯಾರಿಗೂ ಬರೆದುಕೊಡುವಂತಿರಲಿಲ್ಲ.

ನನ್ನ ಅಜ್ಜಿಯ ಅಣ್ಣ ಹಾಗೆ ನಮ್ಮ ಮನೆಯಲ್ಲೇ ಇದ್ದು ಹೋದವರು. ಅವರ ಹೆಂಡತಿ ಮಕ್ಕಳು ಇದ್ದದ್ದು ಹೊಳೆಯಾಚೆ, ಹೆಂಡತಿಯ ಮನೆಯಲ್ಲಿ. ಕಾಯಿಲೆ ಬಿದ್ದಾಗ ಗಂಜಿ ಕುಡಿಸಿದ್ದು, ಬೆನ್ನು ಒರೆಸಿದ್ದು ನನ್ನ ಅಮ್ಮ ಮತ್ತು ಚಿಕ್ಕಮ್ಮಂದಿರು, ಅಂದರೆ ಅವರ ತಂಗಿಯ ಮಕ್ಕಳು. ಅವರ ಸ್ವಂತ ಮಗ ನೆಂಟನ ಹಾಗೆ ಬರುತ್ತಿದ್ದ. ಕಿತ್ತಳೆ ಹಣ್ಣು ತಂದು, ಜಗಲಿಯಲ್ಲಿ ಅಪ್ಪನ ಪಕ್ಕ ಕೂತು, ಯಕ್ಷಗಾನದ ಮೇಳಗಳ ಸುದ್ದಿ ಹೇಳಿ ನಗಿಸಿ, ಚಾ ಕುಡಿದು ಹೋಗುತ್ತಿದ್ದ. ಮಗನಾಗಿ ಅಪ್ಪನನ್ನು ನೋಡಿಕೊಳ್ಳಲಿಲ್ಲ ಎಂದು ಊರಲ್ಲಿ ಒಬ್ಬರೂ ಆಡಿಕೊಳ್ಳಲಿಲ್ಲ. ಆ ಮನೆಯ ಗದ್ದೆಯೂ ಅವನಿಗೆ ಸಿಗುವಂತಿರಲಿಲ್ಲವಲ್ಲ! ಅವನು ತನ್ನ ಸೋದರಮಾವಂದಿರನ್ನು ನೋಡಿಕೊಂಡಿದ್ದ. ಎಲ್ಲ ಸುಖಮಯವಾಗಿತ್ತು ಎಂದು ಹೇಳಲಾರೆ. ಯಜಮಾನಿಕೆಯ ಜಗಳಗಳಿಗೆ ಕೋರ್ಟಿನ ಕಡತಗಳೇ ಸಾಕ್ಷಿ. ಆದರೆ ಮುಪ್ಪಿನಲ್ಲಿ ಯಾರ ಮನೆ ಎಂಬ ಪ್ರಶ್ನೆ ಇರಲಿಲ್ಲ.

ಮೇಘಾಲಯದ ಖಾಸಿ ಜನರಲ್ಲಿ ಮನೆ ಕಿರಿಯ ಮಗಳಿಗೆ. ಅಪ್ಪ ಅಮ್ಮನನ್ನು ಕೊನೆಯವರೆಗೆ ನೋಡಿಕೊಳ್ಳುವ ಹೊಣೆ, ಹಿರಿಯರ ಕಾರ್ಯ ಮಾಡುವ ಹೊಣೆ ಎರಡೂ ಅವಳದೇ. ಘಟ್ಟದ ಮೇಲೆ, ಬಯಲುಸೀಮೆಯ ಕಡೆಯ ವಿಭಾಗಪತ್ರಗಳಲ್ಲಿ ಇನ್ನೊಂದು ರೀತಿ. ಹೊಲ ಪಾಲಾದ ಹಾಗೆ ಹಿರಿಯರೂ ಪಾಲಾಗುತ್ತಾರೆ: ತಾಯಿ ಒಂದನೇ ಪಕ್ಷಗಾರನ ಜೊತೆ, ತಂದೆ ಎರಡನೇ ಪಕ್ಷಗಾರನ ಜೊತೆ, ಅಥವಾ ಇಬ್ಬರಿಗೂ ತಿಂಗಳ ಪಾಳಿ. ಐವತ್ತು ವರ್ಷ ಒಟ್ಟಿಗೆ ಉಂಡವರನ್ನು ಎರಡು ಮನೆಗೆ ಹಂಚುವುದು ಕ್ರೂರ. ಆದರೂ ಆ ಪತ್ರದಲ್ಲಿ ಅವರ ಹೆಸರಾದರೂ ಇರುತ್ತದೆ.

ನಮ್ಮ ಹೋಟೆಲಿನವರ ಕಥೆ ಬೇರೆ. ಕುಂದಾಪುರ, ಬೈಂದೂರು ಕಡೆಯ ಹುಡುಗರು ಮೀಸೆ ಮೂಡುವ ಮೊದಲೇ ಮುಂಬೈ, ಬೆಂಗಳೂರು ಬಸ್ಸು ಹತ್ತಿದವರು. ಲೋಟ ತೊಳೆದು ತಿಂಗಳು ತಿಂಗಳು ಮನಿಯಾರ್ಡರ್ ಕಳಿಸಿದರು. ಅದರಲ್ಲೇ ತಂಗಿಯರ ಮದುವೆ, ಮನೆಗೆ ಹಂಚು. ಅಂಚೆ ಇಲಾಖೆ ಹಳೆಯ ಮನಿಯಾರ್ಡರನ್ನು 2015ರಲ್ಲಿ ನಿಲ್ಲಿಸಿತು, ಈಗ ಫೋನಿನಲ್ಲೇ ಹಣ ಬರುತ್ತದೆ. ಇವರಿಗೆ ಮಗನ ಕರ್ತವ್ಯ ಎಂದರೆ ಹಣ ಕಳಿಸುವುದು; ಅದನ್ನು ಎಂದೂ ತಪ್ಪಿಸಿದವರಲ್ಲ. ಆದ್ದರಿಂದ ಎಸಿ ಕೋರ್ಟಿನ ನೋಟಿಸು ಕೈಗೆ ಬಂದಾಗ ಅವರಿಗೆ ಆಗುವ ಆಘಾತ ನಾಟಕವಲ್ಲ. ಬ್ಯಾಂಕಿನ ಪುಸ್ತಕ ಹಿಡಿದು ಬಂದು, ನೋಡಿ ಸಾರ್, ಯಾವ ತಿಂಗಳು ಬಿಟ್ಟಿದ್ದೇನೆ ಹೇಳಿ ಎಂದು ಕೇಳುತ್ತಾರೆ. ಬಿಟ್ಟಿರುವುದಿಲ್ಲ, ನಿಜ. ಆದರೆ ತಾಯಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದದ್ದು ಅವರಿಗೆ ಗೊತ್ತಾದದ್ದು ಮೂರನೆಯವರಿಂದ.

ನನ್ನ ಮಗಳು ಅಳಿಯ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ನಾನು ಹೆಚ್ಚು ಗಮನಿಸಿದ್ದು ಸಮುದ್ರವನ್ನಲ್ಲ, ಮೇಲಿನ ಮಹಡಿಯಲ್ಲಿ ಒಬ್ಬಂಟಿಯಾಗಿದ್ದ ಅಜ್ಜಿಯನ್ನು. ಅವರ ಮನೆಯ ಕೀಲಿ ನಗರಸಭೆಯ ಆರೈಕೆ ಸಿಬ್ಬಂದಿಯ ಬಳಿಯೂ ಇತ್ತು. ಬೆಳಿಗ್ಗೆ ಬಂದು ಎಬ್ಬಿಸಿ ತಿಂಡಿ ಕೊಡುತ್ತಿದ್ದರು, ಸ್ನಾನ ಮಾಡಿಸುತ್ತಿದ್ದರು, ರಾತ್ರಿ ಮಲಗಿಸಿ ಹೋಗುತ್ತಿದ್ದರು. ಮಣಿಕಟ್ಟಿನಲ್ಲಿ ಒಂದು ಗುಂಡಿ, ಬಿದ್ದರೆ ಒತ್ತಿದರಾಯಿತು. ಈ ಸೇವೆಗೆ ಶುಲ್ಕವಿದೆ, ಆದರೆ ಆ ಶುಲ್ಕಕ್ಕೆ ಸರಕಾರವೇ ಮೇಲ್ಮಿತಿ ಹಾಕಿದೆ. ಭಾನುವಾರ ಮಗ ಬರುತ್ತಿದ್ದ. ದಾಲ್ಚಿನ್ನಿ ಹಾಕಿದ ಬನ್ನು ತಂದು, ಕಾಫಿ ಮಾಡಿ, ಒಂದು ಗಂಟೆ ಕೂತು ಹೋಗುತ್ತಿದ್ದ. ಅಯ್ಯೋ ಪಾಪ, ವಾರಕ್ಕೊಂದು ಗಂಟೆಯಾ ಎಂದು ನನ್ನ ಹೆಂಡತಿ ಮರುಗಿದಳು. ನನಗೆ ಜಗಲಿಯಲ್ಲಿ ಕಿತ್ತಳೆ ಸುಲಿಯುತ್ತಿದ್ದ ಆ ದೊಡ್ಡಜ್ಜನ ಮಗ ನೆನಪಾದ. ಇವನೂ ನೆಂಟನೇ, ಇವನ ಮೇಲೂ ಯಾರ ದೂರೂ ಇಲ್ಲ. ಮೈ ತೊಳೆಸುವ ಕೆಲಸವನ್ನು ಮಗನಿಂದ ಮಾಡಿಸಿಕೊಳ್ಳಲು ಆ ಅಜ್ಜಿಗೇ ಇಷ್ಟವಿಲ್ಲವೆಂದೂ, ಅದಕ್ಕಾಗಿ ತಾವು ಜೀವಮಾನವಿಡೀ ತೆರಿಗೆ ಕಟ್ಟಿದ್ದಾಗಿ ಹೇಳುತ್ತಾರೆಂದೂ ಮಗಳು ವಿವರಿಸಿದಳು.

ಸ್ವೀಡನ್ನಿನಲ್ಲೂ ಒಂದು ಕಾಲಕ್ಕೆ ಮಕ್ಕಳು ಹೆತ್ತವರನ್ನು ಸಾಕಬೇಕೆಂಬ ಕಾನೂನಿತ್ತು. ಅದರ ಕೊನೆಯ ಅವಶೇಷವನ್ನೂ 1979ರಲ್ಲಿ ಕೌಟುಂಬಿಕ ಕಾನೂನಿನಿಂದ ತೆಗೆದುಹಾಕಿದರು. ಇಂಗ್ಲೆಂಡಿನಲ್ಲಿ 1601ರ ಬಡವರ ಕಾನೂನು ಮಕ್ಕಳ ಮೇಲೆ ಹೊರಿಸಿದ್ದ ಹೊಣೆಯನ್ನು 1948ರಲ್ಲಿ ಇಳಿಸಿದರು. ಅಂದರೆ ಹೊಣೆ ಮಾಯವಾಗಲಿಲ್ಲ, ಸಂಬಳದ ಚೀಟಿಗೆ ವರ್ಗವಾಯಿತು. ಸ್ವೀಡನ್ನಿನಲ್ಲಿ ನಗರಸಭೆ ಮತ್ತು ಪ್ರಾಂತದ ತೆರಿಗೆಯೇ ಆದಾಯದ ಸುಮಾರು ಮೂರನೇ ಒಂದು ಪಾಲು. ಪ್ರತಿಯೊಬ್ಬ ಮಗನೂ ಪ್ರತಿ ತಿಂಗಳು ಎಲ್ಲರ ತಾಯಂದಿರಿಗೂ ಕಟ್ಟುತ್ತಾನೆ. ನನ್ನ ಮಗಳೂ ಕಟ್ಟುತ್ತಾಳೆ. ಅವಳ ಸಂಬಳದಲ್ಲಿ ಕಡಿತವಾದದ್ದು ಮೇಲಿನ ಮಹಡಿಯ ಅಜ್ಜಿಯ ಸ್ನಾನಕ್ಕೆ ಸಲ್ಲುತ್ತದೆ; ಕುಂದಾಪುರದಲ್ಲಿರುವ ನಮಗೆ ಅವಳು ವಾಟ್ಸಾಪಿನಲ್ಲಿ ರಕ್ತದೊತ್ತಡದ ಮಾತ್ರೆ ನೆನಪಿಸುತ್ತಾಳೆ. ಅಪ್ಪ ಅಮ್ಮನನ್ನು ಕರೆಸಿ ಕಾಯಂ ಇರಿಸಿಕೊಳ್ಳಲು ಅಲ್ಲಿನ ವಲಸೆ ಕಾನೂನು ಸುಲಭಕ್ಕೆ ಬಿಡುವುದಿಲ್ಲ. ಹೊರದೇಶದ ಮಕ್ಕಳು ಕೈಬಿಟ್ಟರು ಎಂದು ಬೈಯುವವರು ಈ ಲೆಕ್ಕವನ್ನೂ ಒಂದು ಸಲ ನೋಡಬೇಕು.

ಅಲ್ಲಿ ಸ್ವರ್ಗವಿದೆ ಎಂದು ನಾನು ಹೇಳುತ್ತಿಲ್ಲ. ಕೊರೊನಾ ಬಂದಾಗ ವೃದ್ಧರನ್ನು ಕಾಪಾಡುವಲ್ಲಿ ದೇಶ ಸೋತಿತು ಎಂದು ಅವರದೇ ತನಿಖಾ ಆಯೋಗ 2020ರ ಡಿಸೆಂಬರಿನಲ್ಲಿ ನೇರವಾಗಿ ಬರೆಯಿತು. ತೊಂಬತ್ತರ ದಶಕದ ನಂತರ ಆರೈಕೆ ಕೇಂದ್ರಗಳ ಹಾಸಿಗೆಗಳನ್ನು ಕಡಿಮೆ ಮಾಡುತ್ತ ಬಂದಾಗ, ಉಳಿದ ಕೆಲಸ ಸದ್ದಿಲ್ಲದೆ ಹೆಣ್ಣುಮಕ್ಕಳ ತಲೆಗೆ ಬಂತು. ಅಲ್ಲೂ ಹೆಣ್ಣುಮಕ್ಕಳೇ!

ಪಾಶ್ಚಾತ್ಯ ಎಂಬ ಒಂದೇ ಗೋಣಿಗೆ ಎಲ್ಲರನ್ನೂ ತುಂಬುವುದಂತೂ ಆಗದ ಮಾತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಕ್ಕಳ ಮೇಲೆ ಹೊಣೆ ಹಾಕುವ ಹಳೆಯ ಕಾನೂನು ಇನ್ನೂ ಇದೆ. ತಾಯಿಯ ಆರೈಕೆ ಕೇಂದ್ರದ ಬಾಕಿ ಸುಮಾರು 93,000 ಡಾಲರನ್ನು ಮಗನೇ ತೆರಬೇಕೆಂದು 2012ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ದಾವೆ ಹಾಕಿದ್ದು ತಾಯಿಯಲ್ಲ, ಆರೈಕೆ ಕೇಂದ್ರ. ಜರ್ಮನಿಯಲ್ಲಿ ಮಕ್ಕಳ ಹೊಣೆ ಕಾನೂನಿನಲ್ಲೇ ಇದೆ, ಆದರೆ 2020ರಿಂದ ವರ್ಷಕ್ಕೆ ಒಂದು ಲಕ್ಷ ಯೂರೊ ಮೀರಿ ದುಡಿಯುವ ಮಕ್ಕಳನ್ನು ಮಾತ್ರ ಸರಕಾರ ಕೇಳುತ್ತದೆ. ಇತ್ತ ನಮ್ಮದೇ ಅಸ್ಸಾಂ, ಹೆತ್ತವರನ್ನು ನಿರ್ಲಕ್ಷಿಸುವ ಸರಕಾರಿ ನೌಕರನ ಸಂಬಳದಿಂದ ಶೇ. 10ರಷ್ಟು ಕಡಿತ ಮಾಡಿ ಅವರಿಗೇ ಕೊಡುವ ಕಾಯ್ದೆಯನ್ನು 2017ರಲ್ಲಿ ತಂದಿತು.

ನನಗೆ ಹೆಚ್ಚು ಹತ್ತಿರವೆನಿಸಿದ್ದು ಜಪಾನು. ನಮ್ಮ ಹಾಗೆಯೇ ಅಲ್ಲೂ ಹಿರಿಯ ಮಗ ಮನೆ ಉಳಿಸಿಕೊಳ್ಳಬೇಕು, ಅವನ ಹೆಂಡತಿ ಅತ್ತೆಮಾವನ ಸೇವೆ ಮಾಡಬೇಕು. 2000ದಲ್ಲಿ ಅವರು ದೀರ್ಘಕಾಲದ ಆರೈಕೆಯ ವಿಮೆ ತಂದರು. ನಲವತ್ತು ದಾಟಿದ ಪ್ರತಿಯೊಬ್ಬರೂ ಕಂತು ಕಟ್ಟಬೇಕು, ಬದಲಿಗೆ ಮುಪ್ಪಿನಲ್ಲಿ ಮನೆಗೆ ಆಳು ಬರುತ್ತಾರೆ, ಹಗಲು ಕೇಂದ್ರದ ವ್ಯಾನು ಬರುತ್ತದೆ. ನೋಡಿಕೊಳ್ಳುವ ಮನೆಯವರ ಕೈಗೆ ನಗದು ಕೊಡಬೇಕೇ ಎಂಬ ಚರ್ಚೆ ಬಂದಾಗ ಅಲ್ಲಿನ ಮಹಿಳಾ ಸಂಘಟನೆಗಳು ಬೇಡವೆಂದವು. ಹಣ ಕೊಟ್ಟರೆ ಸೊಸೆ ಮನೆಯಲ್ಲೇ ಕಟ್ಟಿಬೀಳುತ್ತಾಳೆ ಎಂದು ಅವರ ವಾದ. ಆಮೇಲೆ 2019ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಸಂಬಳವಿಲ್ಲದೆ ಅತ್ತೆಮಾವನ ಸೇವೆ ಮಾಡಿದ ಸೊಸೆ ಅವರು ತೀರಿದ ಮೇಲೆ ವಾರಸುದಾರರಿಂದ ಹಣ ಕೇಳುವ ಹಕ್ಕು ಪಡೆದಳು. ದುಡಿದವಳಿಗೆ ಕಾನೂನು ಲೆಕ್ಕ ತೆರೆಯಿತು.

ನಮ್ಮ ಕಾಯ್ದೆಯಲ್ಲಿ ಸೊಸೆಯ ಹೆಸರೇ ಇಲ್ಲ. ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ, ಅಳಿಯನನ್ನೂ ಹೊಣೆಗಾರರನ್ನಾಗಿ ಸೇರಿಸುವ ಮಸೂದೆಯೊಂದು 2019ರಲ್ಲಿ ಲೋಕಸಭೆಗೆ ಬಂದಿತ್ತು, ಕಾಯ್ದೆಯಾಗಲಿಲ್ಲ. ಅದರಲ್ಲೂ ಹೊಣೆಯ ಮಾತಿತ್ತೇ ಹೊರತು ಸೊಸೆಗೆ ಹಕ್ಕಿನ ಮಾತಿರಲಿಲ್ಲ. ಆದರೆ ಅರ್ಜಿ ಬರೆಸಲು ಕೂತ ಹಿರಿಯರ ಬಾಯಲ್ಲಿ ಅರ್ಧಪಾಲು ದೂರು ಅವಳ ಮೇಲೆಯೇ. ಮಗ ಒಳ್ಳೆಯವನು, ಬಂದವಳು ಸರಿಯಿಲ್ಲ. ಹಿಂದೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುತ್ತಿದ್ದ ನಮ್ಮ ದಕ್ಷಿಣದ ಮನೆಗಳಲ್ಲಿ ಸೊಸೆ ಎಂದರೆ ಎಷ್ಟೋ ಸಲ ಮಗಳ ಮಗಳೋ ಅಣ್ಣನ ಮಗಳೋ ಆಗಿರುತ್ತಿದ್ದಳು. ತನ್ನ ಅಜ್ಜಿಯ ಕಾಲು ಒತ್ತುತ್ತಿದ್ದಳು. ಈಗ ಅವಳು ಬೇರೆ ಊರಿನವಳು, ಕೆಲಸಕ್ಕೆ ಹೋಗುವವಳು, ತನ್ನದೇ ಅಪ್ಪ ಅಮ್ಮನ ಚಿಂತೆ ಇರುವವಳು. ನಿರೀಕ್ಷೆ ಮಾತ್ರ ಹಳೆಯದು.

ಮಗಳ ಕಥೆ ಇದಕ್ಕಿಂತ ಒಂದು ಕೈ ಮೇಲೆ. ಮದುವೆಯಾದ ಮಗಳಿಗೂ ತಂದೆತಾಯಿಯನ್ನು ಸಾಕುವ ಹೊಣೆ ಇದೆ ಎಂದು ಸುಪ್ರೀಂ ಕೋರ್ಟು 1987ರಲ್ಲೇ ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ನಮ್ಮ ರಾಜ್ಯ 1994ರಲ್ಲಿ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಕೊಟ್ಟಿತು. 2005ರಲ್ಲಿ ದೇಶವೇ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ಕೊಟ್ಟಿತು. ಅದರ ಫಲವನ್ನು ಕಚೇರಿಯಲ್ಲಿ ಕಂಡವನು ನಾನು: ಹಕ್ಕು ಬಿಡುಗಡೆ ಪತ್ರಗಳು ಹೆಚ್ಚಿದವು. ಹೆಣ್ಣುಮಕ್ಕಳು ಸಾಲಾಗಿ ಬಂದು ಅಣ್ಣನ ಪರವಾಗಿ ಸಹಿ ಮಾಡಿ ಹೋಗುತ್ತಿದ್ದರು. ಕೈಗೆ ಒಂದು ಸೀರೆ, ಹೆಚ್ಚೆಂದರೆ ಒಂದು ಬಳೆ. ತವರು ಉಳಿಯಬೇಕಲ್ಲ, ಎನ್ನುತ್ತಿದ್ದರು. ಈಗ ಮುದುಕಿಯನ್ನು ಆಟೋದಲ್ಲಿ ಕೂರಿಸಿಕೊಂಡು ನನ್ನ ಮೇಜಿಗೆ ಕರೆತರುವವಳು ಯಾರು? ಹತ್ತರಲ್ಲಿ ಏಳೆಂಟು ಸಲ ಆ ಸಹಿ ಮಾಡಿದ ಮಗಳೇ. ಆಸ್ತಿ ಒಬ್ಬನಿಗೆ, ಆರೈಕೆ ಇನ್ನೊಬ್ಬಳಿಗೆ, ದೂರು ಮತ್ತೊಬ್ಬಳ ಮೇಲೆ. ಸ್ವೀಡನ್ನಿನವರಾಗಲಿ ಖಾಸಿಗಳಾಗಲಿ ನಮ್ಮ ಅಳಿಯಕಟ್ಟಿನ ಅಜ್ಜಂದಿರಾಗಲಿ ಮಾಡದ ಏರ್ಪಾಡು ಇದು. ಇದಕ್ಕೆ ಸಂಸ್ಕೃತಿ ಎಂದು ಹೆಸರಿಟ್ಟು ಹೆಮ್ಮೆ ಪಡುವುದು ನನ್ನಿಂದಾಗದು.

ಇನ್ನು ದಾನಪತ್ರ. ಸ್ವಂತ ಮಕ್ಕಳಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕ ತೀರಾ ಕಡಿಮೆ, ಅದಕ್ಕೇ ಜನ ಬದುಕಿದ್ದಾಗಲೇ ಬರೆದುಕೊಟ್ಟು ನಿಶ್ಚಿಂತರಾಗುತ್ತಾರೆ. ಮರಣಶಾಸನವಾದರೆ ಮನಸ್ಸು ಬಂದಾಗ ಬದಲಿಸಬಹುದು. ದಾನಪತ್ರ ನೋಂದಣಿಯಾದ ಕೂಡಲೇ ಸ್ವತ್ತು ಕೈಬಿಟ್ಟಿತು. ಕಾಯ್ದೆಯ 23ನೇ ಕಲಮು ಇದಕ್ಕೊಂದು ದಾರಿ ಇಟ್ಟಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಸ್ವತ್ತು ಪಡೆದವನು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ವಂಚನೆಯಿಂದ ಆದದ್ದೆಂದು ತಿಳಿದು ನ್ಯಾಯಮಂಡಳಿ ರದ್ದು ಮಾಡಬಹುದು. ಆದರೆ ಷರತ್ತು ಇರಬೇಕು. ಷರತ್ತು ಇತ್ತೆಂಬುದು ತೋರದಿದ್ದರೆ ಈ ಕಲಮು ಅನ್ವಯಿಸದು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಸ್ವತ್ತು ಮರಳಿಸುವಾಗ ಅದೇ ನ್ಯಾಯಾಲಯ, ಹಿರಿಯರಿಗೆ ಅನುಕೂಲವಾಗುವ ಹಾಗೆ ಈ ಕಾಯ್ದೆಯನ್ನು ಓದಬೇಕು ಎಂದಿತು. ಆ ತಾಯಿಯ ಕೈಯಲ್ಲಿ, ದಾನಪತ್ರದ ದಿನವೇ ಮಗ ಬರೆದುಕೊಟ್ಟನೆಂಬ ಬೇರೊಂದು ವಾಗ್ದಾನದ ಕಾಗದವಿತ್ತು. ನನ್ನ ಮೇಜಿಗೆ ಬರುವವರ ಕೈಯಲ್ಲಿ ಅಂಥ ಕಾಗದ ಇರುವುದಿಲ್ಲ. ಪ್ರೀತಿ ವಿಶ್ವಾಸದಿಂದ ಎಂಬ ಒಂದು ಮಾತನ್ನು ಹಿಡಿದು ವಾದಿಸಬೇಕು. ಕೆಲವೊಮ್ಮೆ ಗೆಲ್ಲುತ್ತದೆ, ಕೆಲವೊಮ್ಮೆ ಇಲ್ಲ.

ಷರತ್ತು ಬರೆಸಿ ಎಂದರೆ ಅಪ್ಪಂದಿರೇ ನಾಚುತ್ತಾರೆ. ಮಗನನ್ನು ನಂಬದವನ ಹಾಗೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಬ್ಯಾಂಕಿನವರು ನಿಮ್ಮ ಮಗನಿಗೆ ಸಾಲ ಕೊಡುವಾಗ ನಾಚಿದ್ದರೇ ಎಂದು ನಾನು ತಿರುಗಿ ಕೇಳುತ್ತೇನೆ. ಒಳ್ಳೆಯ ಮಗನಿಗೆ ಆ ಸಾಲಿನಿಂದ ನಷ್ಟವಿಲ್ಲ.

ಆದ್ದರಿಂದ ಇದನ್ನು ಓದುವವರಲ್ಲಿ ದಾನಪತ್ರ ಮಾಡಿಸಲು ಹೊರಟವರಿದ್ದರೆ ನನ್ನ ವಿನಂತಿ ಇಷ್ಟೇ. ನೀವಿಬ್ಬರೂ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಪತ್ರದಲ್ಲೇ ಉಳಿಸಿಕೊಳ್ಳಿ. ಊಟ, ಔಷಧ, ಆರೈಕೆಯ ಷರತ್ತನ್ನು ಬಿಡಿಸಿ ಬರೆಸಿ. ಮಗಳು ನೋಡಿಕೊಳ್ಳುತ್ತಿದ್ದರೆ ಅವಳಿಂದ ಹಕ್ಕು ಬಿಡಿಸುವ ಬದಲು ಅವಳ ಹೆಸರಿಗೆ ಪಾಲು ಬರೆಯಿರಿ. ಸೊಸೆ ನೋಡಿಕೊಳ್ಳುತ್ತಿದ್ದರೆ ಅವಳ ಹೆಸರನ್ನೂ ಸೇರಿಸಿ; ಹೊರಗಿನಿಂದ ಬಂದವಳು ಎಂಬ ಮಾತು ಅಲ್ಲಿಗೆ ಮುಗಿಯಲಿ. ಪತ್ರ ಆಗಲೇ ಆಗಿಹೋಗಿದ್ದು ಈಗ ಕಷ್ಟದಲ್ಲಿದ್ದರೆ 14567ಕ್ಕೆ ಫೋನು ಮಾಡಿ, ಅದು ಹಿರಿಯರ ಉಚಿತ ಸಹಾಯವಾಣಿ. ಎಸಿ ಕೋರ್ಟಿನ ಅರ್ಜಿಗೆ ವಕೀಲರು ಬೇಕಿಲ್ಲ. ಮಾಸಾಶನದ ಅರ್ಜಿ ನೋಟಿಸು ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು, ಹೆಚ್ಚೆಂದರೆ ಇನ್ನು 30 ದಿನ. ಓಡಾಡಲು ಆಗದಿದ್ದರೆ ನಿಮ್ಮ ಪರವಾಗಿ ಬೇರೆಯವರೂ ಅರ್ಜಿ ಕೊಡಬಹುದು.